ಹದಿನೆಂಟು ದಿನದ ಬಸಿರು: ಡ್ವಾರ್ಫ್ ಹ್ಯಾಮ್‌ಸ್ಟರ್‌ಗಳ ಸಂತಾನದ ಸುತ್ತ

‘ಎರಡೂ ಹೆಣ್ಣೇ, ಯೋಚನೆ ಮಾಡಬೇಡಿ’ ಎಂದು ಅಂಗಡಿಯವರು ಕೊಟ್ಟ ಡ್ವಾರ್ಫ್ ಹ್ಯಾಮ್‌ಸ್ಟರ್ ಜೋಡಿ ಮನೆಗೆ ಬಂದು ಮೂರು ವಾರವಾಗುವಷ್ಟರಲ್ಲಿ ಗೂಡಿನ ಮೂಲೆಯಲ್ಲಿ ಐದಾರು ಕೆಂಪು ಮರಿಗಳು ಮಿಸುಕಾಡುವುದು ನಮ್ಮ ನಗರಗಳಲ್ಲಿ ಈಗ ಅಪರೂಪದ ಸಂಗತಿಯಲ್ಲ. ಆ ಕ್ಷಣದಿಂದ ಮನೆಯವರಿಗೆ ಪ್ರಶ್ನೆಗಳು ಶುರುವಾಗುತ್ತವೆ. ಗಂಡನ್ನು ಬೇರೆ ಮಾಡಬೇಕೆ? ಮರಿ ಮುಟ್ಟಿದರೆ ತಾಯಿ ತಿಂದುಬಿಡುತ್ತದೆಯೆ? ಬಾಣಂತಿಗೆ ಏನು ತಿನ್ನಿಸಬೇಕು? ಕೇಳಿದವರೆಲ್ಲ ಒಂದೊಂದು ಉತ್ತರ ಕೊಡುತ್ತಾರೆ, ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ.

ಉತ್ತರಗಳು ಹೀಗೆ ಚದುರಲು ಮುಖ್ಯ ಕಾರಣವೊಂದಿದೆ. ಹ್ಯಾಮ್‌ಸ್ಟರ್ ಎಂಬ ಒಂದೇ ಹೆಸರಿನಡಿ ನಾವು ಸಾಕುತ್ತಿರುವುದು ಬೇರೆ ಬೇರೆ ಪ್ರಾಣಿಗಳನ್ನು. ಅವುಗಳ ಬಸಿರಿನ ಅವಧಿ ಬೇರೆ, ಬೆದೆಯ ರೀತಿ ಬೇರೆ, ಗಂಡಿನ ನಡತೆಯಂತೂ ಪೂರ್ತಿ ಬೇರೆ. ಆದರೆ ಸಾಕುವವರ ನಡುವೆ ಓಡಾಡುವ ಸಲಹೆಗಳಲ್ಲಿ ಬಹುಪಾಲು ದೊಡ್ಡ ಗಾತ್ರದ ಸಿರಿಯನ್ ಹ್ಯಾಮ್‌ಸ್ಟರ್‌ನಿಂದ ಕಲಿತದ್ದು. ಅದನ್ನು ಹಾಗೆಯೇ ತಂದು ಪುಟ್ಟ ಡ್ವಾರ್ಫ್‌ಗಳ ಮೇಲೆ ಹೇರಿದಾಗ ಕೆಲವು ಸಲ ನಡೆದುಹೋಗುತ್ತದೆ, ಕೆಲವು ಸಲ ಮರಿಗಳು ಸಾಯುತ್ತವೆ. ಈ ವಿಷಯದಲ್ಲಿ ಏನೇನು ತಿಳಿದಿದೆ ಎಂಬುದನ್ನು ಜಾತಿವಾರು ನೋಡದೆ ಬೇರೆ ದಾರಿಯಿಲ್ಲ.

ಸಿರಿಯನ್ ಹ್ಯಾಮ್‌ಸ್ಟರ್‌ನ ಕಥೆಯಿಂದಲೇ ಹೊರಡೋಣ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಾಲ್ ಆಡ್ಲರ್ ಕಾಲಾ ಅಜಾರ್ ಗುಂಪಿನ ರೋಗಗಳನ್ನು ಅಧ್ಯಯನ ಮಾಡುತ್ತಿದ್ದರು. ಅವರ ಪ್ರಯೋಗಕ್ಕೆ ಚೀನಾದ ಹ್ಯಾಮ್‌ಸ್ಟರ್ ಒಗ್ಗುತ್ತಿತ್ತು, ಆದರೆ ಅದು ಪಂಜರದಲ್ಲಿ ಮರಿ ಹಾಕುತ್ತಿರಲಿಲ್ಲ. ಹತ್ತಿರದಲ್ಲೇ ಸಿಗುವ, ಸುಲಭವಾಗಿ ಮರಿ ಹಾಕುವ ಇನ್ನೊಂದು ಜಾತಿ ಬೇಕೆಂದು ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿಯವರನ್ನು ಕೇಳಿಕೊಂಡರು. 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿಯ ಗೋಧಿ ಹೊಲವೊಂದನ್ನು ಆಳಕ್ಕೆ ಅಗೆಸಿದ ಅಹರೋನಿಗೆ ಒಂದು ತಾಯಿ ಮತ್ತು 11 ಮರಿಗಳು ಸಿಕ್ಕವು. ಪೆಟ್ಟಿಗೆಗೆ ಹಾಕುತ್ತಿದ್ದಂತೆ ತಾಯಿ ಬಳಿಯಲ್ಲಿದ್ದ ಮರಿಯೊಂದನ್ನು ಕಚ್ಚಿ ಕೊಂದಿತು. ಉಳಿದವನ್ನಾದರೂ ಕಾಪಾಡಲೆಂದು ತಾಯಿಯನ್ನೇ ಕೊಲ್ಲಬೇಕಾಯಿತು. ಮುಂದೆ ಜಗತ್ತಿನ ಪ್ರಯೋಗಾಲಯಗಳಿಗೂ ಮನೆಗಳಿಗೂ ಹಬ್ಬಿದ ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಹೆಚ್ಚಿನವು ಆ ಬಿಲದ ಮರಿಗಳ ಸಂತತಿ. ಹೀಗೆ ಹ್ಯಾಮ್‌ಸ್ಟರ್ ತಾಯಿಯ ಬಗ್ಗೆ ಜಗತ್ತು ಕೇಳಿದ ಮೊದಲ ಸುದ್ದಿಯೇ ಮರಿ ಕೊಂದ ಸುದ್ದಿ. ‘ಹ್ಯಾಮ್‌ಸ್ಟರ್ ತಾಯಿ ಕ್ರೂರಿ, ಗಂಡು ಅಪಾಯ, ಒಂಟಿಯಾಗಿಡಿ’ ಎಂಬ ಮಾತಿಗೆ ಅಂದಿನಿಂದಲೇ ಬಲ ಬಂದಿದೆ. ಸಿರಿಯನ್ ವಿಷಯದಲ್ಲಿ ಒಂಟಿಯಾಗಿಡಬೇಕು ಎಂಬುದು ನಿಜವೂ ಹೌದು. ಬೆದೆಯ ಆ ಕೆಲವು ಗಂಟೆಗಳನ್ನು ಬಿಟ್ಟರೆ ಹೆಣ್ಣು ಗಂಡನ್ನು ಹತ್ತಿರ ಸೇರಿಸುವುದಿಲ್ಲ. 16 ದಿನಕ್ಕೆ ಮರಿ ಹಾಕುತ್ತದೆ, ಒಂಟಿಯಾಗಿಯೇ ಸಾಕುತ್ತದೆ.

ಆಡ್ಲರ್ ಕೈಬಿಟ್ಟ ಚೀನಾದ ಹ್ಯಾಮ್‌ಸ್ಟರ್‌ನ ಕಥೆಯೂ ಇಲ್ಲಿ ಸಲ್ಲುತ್ತದೆ. ಉದ್ದ ಬಾಲದ ಈ ತೆಳ್ಳನೆಯ ಪ್ರಾಣಿ ಶಾಸ್ತ್ರೀಯವಾಗಿ ಡ್ವಾರ್ಫ್‌ಗಳ ಕುಲಕ್ಕೆ ಸೇರದಿದ್ದರೂ ಅಂಗಡಿಗಳಲ್ಲಿ ಅವುಗಳ ಜೊತೆಯಲ್ಲೇ ಮಾರಾಟವಾಗುತ್ತದೆ. 1948ರ ಡಿಸೆಂಬರಿನಲ್ಲಿ, ಚೀನಾದ ಅಂತರ್ಯುದ್ಧ ಕೊನೆಯ ಹಂತದಲ್ಲಿದ್ದಾಗ, ರಾಬರ್ಟ್ ಬ್ರಿಗ್ಸ್ ವಾಟ್ಸನ್ ಎಂಬ ಅಮೆರಿಕದ ವೈದ್ಯ ಹತ್ತು ಗಂಡು, ಹತ್ತು ಹೆಣ್ಣು ಹ್ಯಾಮ್‌ಸ್ಟರ್‌ಗಳಿದ್ದ ಪೆಟ್ಟಿಗೆಯೊಂದನ್ನು ನಾನ್‌ಜಿಂಗ್‌ನಿಂದ ಹೊರಗೆ ಸಾಗಿಸಿದರು. ನ್ಯೂಯಾರ್ಕ್ ರಾಜ್ಯದಲ್ಲಿ ದಂಶಕಗಳನ್ನು ಸಾಕುತ್ತಿದ್ದ ವಿಕ್ಟರ್ ಶ್ವೆಂಟ್ಕರ್ ಕೈಗೆ ಅವು ಸೇರಿದವು. ಗಂಡನ್ನು ಕಂಡರೆ ಮೈಮೇಲೆ ಬೀಳುವ, ಕೆಲವೊಮ್ಮೆ ಕೊಂದೇಬಿಡುವ ಹೆಣ್ಣಿನ ಸ್ವಭಾವವನ್ನು ಅರಿತ ಮೇಲೆಯೇ ಅವುಗಳಿಂದ ಮರಿ ಪಡೆಯಲು ಅವರಿಗೆ ಸಾಧ್ಯವಾಯಿತು. 1957ರಲ್ಲಿ ಥಿಯೋಡರ್ ಪಕ್ ಈ ಜಾತಿಯ ಒಂದು ಹೆಣ್ಣಿನ ಅಂಡಾಶಯದ ಜೀವಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ಇಂದು ಜಗತ್ತಿನ ಹಲವಾರು ಜೈವಿಕ ಔಷಧಗಳು ತಯಾರಾಗುವುದು ಆ ಕೋಶಗಳ ಸಂತತಿಯಲ್ಲಿಯೇ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ಅವುಗಳಲ್ಲೊಂದು, ಬೆಂಗಳೂರಿನ ಬಯೋಕಾನ್ ಅದರ ತನ್ನ ರೂಪವನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಪಂಜರದಲ್ಲಿ ಮರಿಯನ್ನೇ ಹಾಕದು ಎಂದು ಬದಿಗಿಟ್ಟ ಪ್ರಾಣಿಯೊಂದರ ಅಂಡಾಶಯದಿಂದ ನಮ್ಮೂರಿನ ರೋಗಿಗೆ ಔಷಧ ಬರುತ್ತಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಇನ್ನು ನಿಜವಾದ ಡ್ವಾರ್ಫ್‌ಗಳು. ಫೋಡೋಪಸ್ ಕುಲದಲ್ಲಿ ಇರುವುದು ಮೂರೇ ಜಾತಿ. ಸೈಬೀರಿಯಾದ ನೈಋತ್ಯ ಭಾಗ ಮತ್ತು ಕಜಾಕಿಸ್ತಾನದ ಹುಲ್ಲುಗಾವಲುಗಳ ‘ವಿಂಟರ್ ವೈಟ್’, ಇದನ್ನು 1773ರಲ್ಲಿ ಪೀಟರ್ ಪಲ್ಲಾಸ್ ವಿವರಿಸಿದರು. ಮಂಗೋಲಿಯಾ ಮತ್ತು ಅದರ ಸುತ್ತಲಿನ ಒಣನಾಡಿನ ‘ಕ್ಯಾಂಪ್‌ಬೆಲ್’, ಇದಕ್ಕೆ 1905ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಹೆಸರಿಟ್ಟರು. ಗೋಬಿ ಕಡೆಯ ಮರಳುನೆಲದ ‘ರೋಬೊರೋವ್‌ಸ್ಕಿ’, ಸಾಕುವವರ ಬಾಯಲ್ಲಿ ‘ರೋಬೊ’. ಇದು ಎಲ್ಲಕ್ಕಿಂತ ಚಿಕ್ಕದು, ಬೆಳೆದರೂ 20ರಿಂದ 25 ಗ್ರಾಂ ತೂಗುತ್ತದೆ, ಕಣ್ಣಿನ ಮೇಲೆ ಬಿಳಿ ಹುಬ್ಬು ಇರುತ್ತದೆ, ಬೆನ್ನಿನ ನಡುವೆ ಕಪ್ಪು ಗೆರೆ ಇರುವುದಿಲ್ಲ. ಹಾಗಾಗಿ ರೋಬೊವನ್ನು ಗುರುತಿಸುವುದು ಸುಲಭ. ಕಷ್ಟವಿರುವುದು ಮೊದಲಿನ ಎರಡರಲ್ಲಿ. ಎರಡಕ್ಕೂ ಬೆನ್ನಿನ ಗೆರೆ ಉಂಟು, ಎರಡೂ 30ರಿಂದ 50 ಗ್ರಾಂ ತೂಗುತ್ತವೆ, ವಿಜ್ಞಾನಿಗಳೇ ಬಹಳ ಕಾಲ ಅವನ್ನು ಒಂದೇ ಜಾತಿಯ ಎರಡು ಬಗೆ ಎಂದು ಎಣಿಸಿದ್ದರು. ಹಳೆಯ ಸಂಶೋಧನಾ ಬರಹಗಳಲ್ಲಿ ‘ಜುಂಗೇರಿಯನ್ ಹ್ಯಾಮ್‌ಸ್ಟರ್’ ಎಂದು ಬರೆದಿದ್ದರೆ ಅದು ಯಾವುದು ಎಂದು ಪರೀಕ್ಷಿಸಿಕೊಂಡೇ ಓದಬೇಕು.

ಗಂಡು ಹೆಣ್ಣಿನ ಗುರುತು ತಪ್ಪುವುದೇ ಮನೆಗಳ ಬೇಡದ ಬಸಿರಿಗೆ ಬಹುಮಟ್ಟಿಗೆ ಕಾರಣ. ಹೆಣ್ಣಿನಲ್ಲಿ ಮೂತ್ರದ್ವಾರ ಮತ್ತು ಗುದದ್ವಾರ ಒಂದಕ್ಕೊಂದು ಅಂಟಿದಂತೆ ಇರುತ್ತವೆ, ಗಂಡಿನಲ್ಲಿ ನಡುವೆ ಸ್ಪಷ್ಟ ಅಂತರವಿರುತ್ತದೆ. ಹೊಟ್ಟೆಯ ಉದ್ದಕ್ಕೂ ಎರಡು ಸಾಲು ಮೊಲೆತೊಟ್ಟು ಕಂಡರೆ ಹೆಣ್ಣು. ಬೆಳೆದ ಗಂಡಿಗೆ ಹೊಕ್ಕುಳ ಜಾಗದಲ್ಲಿ ಹಳದಿ ಬಣ್ಣದ ವಾಸನೆಗ್ರಂಥಿ ಎದ್ದು ಕಾಣುತ್ತದೆ. ಓದಲು ಇದೆಲ್ಲ ಸುಲಭ, ಆದರೆ ಕೈಯಲ್ಲಿ ಒದ್ದಾಡುವ ನಾಲ್ಕು ವಾರದ ಮರಿಯಲ್ಲಿ ನೋಡಿ ಹೇಳುವುದು ಕಷ್ಟ. ಅದನ್ನು ತಿರುಗಿಸಿ ಹಿಂಸಿಸುವ ಬದಲು ಪಾರದರ್ಶಕ ಡಬ್ಬಿಯಲ್ಲಿ ಬಿಟ್ಟು, ಡಬ್ಬಿಯನ್ನು ಎತ್ತಿ ಕೆಳಗಿನಿಂದ ಫೋಟೊ ತೆಗೆದು ದೊಡ್ಡದು ಮಾಡಿ ನೋಡುವುದು ಒಳ್ಳೆಯದು. ಅಣ್ಣತಮ್ಮ, ಅಕ್ಕತಂಗಿ ಮರಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಂಗಡಿಯಲ್ಲಿ ಗಂಡು ಹೆಣ್ಣು ಒಂದೇ ಗೂಡಿನಲ್ಲಿದ್ದವು ಎಂದಾದರೆ, ಒಂಟಿ ಹೆಣ್ಣನ್ನು ತಂದಿದ್ದರೂ ಮೊದಲ ಮೂರು ವಾರ ಅದು ಬಸುರಿಯಾಗಿರಬಹುದು ಎಂದುಕೊಂಡೇ ನೋಡಿಕೊಳ್ಳಬೇಕು.

ಬೆದೆ ಸುಮಾರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಸಂಜೆ ಕತ್ತಲಾದ ಮೇಲೆ. ಗಂಡು ಜೊತೆಯಲ್ಲಿದ್ದರೆ ವಾರದೊಳಗೆ ಹೆಣ್ಣು ಗಬ್ಬವಾಗಬಹುದು. ಆದರೆ ಎಲ್ಲ ಕಾಲದಲ್ಲೂ ಅಲ್ಲ. ಈ ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಹಿಡಿದುನಿಲ್ಲಿಸಿದ ಭಾಗ ಇದು.

ವಿಂಟರ್ ವೈಟ್ ಹಗಲಿನ ಉದ್ದವನ್ನು ಅಳೆಯುವ ಪ್ರಾಣಿ. ಸೈಬೀರಿಯಾದ ಚಳಿಗಾಲದಲ್ಲಿ ಹುಟ್ಟಿದ ಮರಿ ಬದುಕಲಾರದು. ಆದ್ದರಿಂದ ಹಗಲು ಸುಮಾರು 13 ಗಂಟೆಗಿಂತ ಕಿರಿದಾದರೆ ಅದರ ಮೈ ಸಂತಾನದ ಕೆಲಸವನ್ನೇ ನಿಲ್ಲಿಸುತ್ತದೆ. ಗಂಡಿನ ವೃಷಣಗಳು ಕುಗ್ಗುತ್ತವೆ, ಹೆಣ್ಣಿನ ಬೆದೆ ನಿಲ್ಲುತ್ತದೆ, ತೂಕ ಇಳಿಯುತ್ತದೆ, ವಾರಗಳು ಕಳೆದಂತೆ ತುಪ್ಪಳ ಬಿಳಿಯಾಗುತ್ತದೆ. ಜರ್ಮನಿಯ ಕ್ಲಾಸ್ ಹಾಫ್‌ಮನ್ ಮೊದಲಾದವರು ಇದನ್ನು ದಶಕಗಳ ಕಾಲ ಬಿಡಿಸಿ ನೋಡಿದ್ದಾರೆ. ರಾತ್ರಿ ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನಿನ ಅವಧಿಯೇ ಇಲ್ಲಿ ಪಂಚಾಂಗದ ಕೆಲಸ ಮಾಡುತ್ತದೆ. 1980ರ ದಶಕದಲ್ಲಿ ಬ್ರೂಸ್ ಗೋಲ್ಡ್‌ಮನ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಗಲು ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಎಂಬ ಸುದ್ದಿಯನ್ನು ತಾಯಿ ಗರ್ಭದಲ್ಲಿರುವ ಮರಿಗೇ ಮುಟ್ಟಿಸುತ್ತಾಳೆ ಎಂದು ತೋರಿಸಿದರು. ಒಂದೇ ಉದ್ದದ ಹಗಲಿನಲ್ಲಿ ಬೆಳೆದ ಎರಡು ಮರಿಗಳಲ್ಲಿ, ಬಸಿರಿನಲ್ಲಿ ಕಿರಿದಾದ ಹಗಲು ಕಂಡ ತಾಯಿಯ ಮರಿ ‘ವಸಂತ ಬರುತ್ತಿದೆ’ ಎಂಬಂತೆ ಬೇಗ ಪ್ರಾಯಕ್ಕೆ ಬರುತ್ತದೆ. ಹೆಚ್ಚು ಉದ್ದದ ಹಗಲು ಕಂಡ ತಾಯಿಯ ಮರಿ ‘ಚಳಿಗಾಲ ಹತ್ತಿರ’ ಎಂಬಂತೆ ಪ್ರಾಯವನ್ನು ಮುಂದಕ್ಕೆ ಹಾಕುತ್ತದೆ. ಕಣ್ಣೇ ತೆರೆಯದ ಜೀವಕ್ಕೆ ಋತುವಿನ ಅರಿವು ತಾಯಿಯ ರಕ್ತದಿಂದ ಬರುತ್ತದೆ.

ನಮ್ಮ ಊರುಗಳಿಗೆ ಇದು ನೇರವಾಗಿ ತಾಗುತ್ತದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಜೂನ್ ತಿಂಗಳ ಅತಿ ದೀರ್ಘ ಹಗಲೂ ಇಲ್ಲಿ 13 ಗಂಟೆ ಮುಟ್ಟುವುದಿಲ್ಲ. ಕಿಟಕಿಯ ಬೆಳಕೊಂದೇ ಇದ್ದರೆ ಶುದ್ಧ ವಿಂಟರ್ ವೈಟ್‌ನ ಮೈಗೆ ಇಲ್ಲಿ ಬೇಸಿಗೆಯೆಂಬ ಖಚಿತ ಸಂದೇಶ ಸಿಗುವುದೇ ಕಷ್ಟ. ಆದರೆ ನಮ್ಮ ಮನೆಗಳಲ್ಲಿ ರಾತ್ರಿ ಹನ್ನೊಂದರವರೆಗೆ ದೀಪ ಉರಿಯುತ್ತದೆ, ಪ್ರಾಣಿಗೆ ಅದೂ ಹಗಲೇ. ಹಾಲ್‌ನಲ್ಲಿ ಟಿ.ವಿ. ಪಕ್ಕ ಇಟ್ಟ ಜೋಡಿ ತಿಂಗಳು ತಿಂಗಳೂ ಮರಿ ಹಾಕಿ, ಬೇಗ ಕತ್ತಲಾಗುವ ಕೋಣೆಯ ಜೋಡಿ ಸುಮ್ಮನಿದ್ದರೆ ದೀಪದ ಗಂಟೆಗಳನ್ನು ಲೆಕ್ಕ ಹಾಕಿ ನೋಡಬೇಕು. ಮರಿ ಬೇಡ ಎನ್ನುವವರು ಮಾತ್ರ ಕತ್ತಲನ್ನು ನಂಬಿ ಕೂರಬಾರದು. ಎಲ್ಲ ಪ್ರಾಣಿಗಳೂ ಹಗಲಿಗೆ ಒಂದೇ ಸಮ ಓಗೊಡುವುದಿಲ್ಲ, ಅಂಗಡಿಯ ಪ್ರಾಣಿ ಶುದ್ಧ ವಿಂಟರ್ ವೈಟ್ ಆಗಿರುವುದೂ ಅಪರೂಪ. ಗಂಡನ್ನು ಬೇರೆ ಗೂಡಿಗೆ ಹಾಕುವುದೊಂದೇ ಭರವಸೆಯ ದಾರಿ.

ರೋಬೊ ಇನ್ನೂ ಹಟಮಾರಿ. 1970ರ ದಶಕದಲ್ಲಿ ಲಂಡನ್ ಮೃಗಾಲಯ ಮಾಸ್ಕೊದಿಂದ ತರಿಸಿದ ರೋಬೊಗಳು ಮರಿ ಹಾಕಲೇ ಇಲ್ಲ. ಬ್ರಿಟನ್ನಿನಲ್ಲಿ ಅವುಗಳ ಸಂತತಿ ನೆಲೆಗೊಂಡದ್ದು 1990ರಲ್ಲಿ ನೆದರ್‌ಲೆಂಡ್ಸ್‌ನಿಂದ ಬಂದವುಗಳಿಂದ. ಜೋಡಿಯಾಗಿಟ್ಟು ತಿಂಗಳುಗಟ್ಟಲೆ ಏನೂ ಆಗದೆ, ಆಮೇಲೆ ಇದ್ದಕ್ಕಿದ್ದಂತೆ ಮರಿ ಕಂಡ ಅನುಭವ ರೋಬೊ ಸಾಕುವವರಲ್ಲಿ ಸಾಮಾನ್ಯ.

ಬಸಿರಿನ ಅವಧಿ ಕ್ಯಾಂಪ್‌ಬೆಲ್ ಮತ್ತು ವಿಂಟರ್ ವೈಟ್‌ಗಳಲ್ಲಿ 18 ದಿನ, ಕೆಲವೊಮ್ಮೆ 20–21ರವರೆಗೆ ಹೋಗುತ್ತದೆ. ರೋಬೊಗೆ 20ರಿಂದ 22 ದಿನ, ಚೀನಾದ ಹ್ಯಾಮ್‌ಸ್ಟರ್‌ಗೆ 20–21. ಇದರಲ್ಲಿ ಮೊದಲ ಹತ್ತು ಹನ್ನೆರಡು ದಿನ ಹೊರಗೆ ಏನೂ ಕಾಣುವುದಿಲ್ಲ. ಕೊನೆಯ ಐದಾರು ದಿನದಲ್ಲಿ ಪಕ್ಕೆಯ ಹಿಂಭಾಗ ಎರಡೂ ಕಡೆ ಉಬ್ಬುತ್ತದೆ, ಮೊಲೆತೊಟ್ಟುಗಳು ತುಪ್ಪಳದಿಂದ ಹೊರಗೆ ಕಾಣುತ್ತವೆ, ಹೆಣ್ಣು ಸಿಕ್ಕ ಕಾಗದವನ್ನೆಲ್ಲ ಗೂಡಿಗೆ ಎಳೆದುಕೊಳ್ಳುತ್ತದೆ, ಕಾಳು ಬಚ್ಚಿಡುವುದು ಹೆಚ್ಚುತ್ತದೆ, ಸಾಧುವಾಗಿದ್ದದ್ದೂ ಕಚ್ಚಲು ಬರಬಹುದು. ಅಂದರೆ ನಮಗೆ ಗೊತ್ತಾಗುವ ಹೊತ್ತಿಗೆ ತಯಾರಿಗೆ ಉಳಿಯುವುದು ನಾಲ್ಕೈದು ದಿನ. ಹೊಟ್ಟೆ ಒತ್ತಿ ಮರಿ ಎಣಿಸಲು ಹೋಗಬಾರದು, ಗರ್ಭಕ್ಕೇ ಪೆಟ್ಟಾದೀತು. ಒಂದು ಗ್ರಾಮಿನ ವ್ಯತ್ಯಾಸ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ, ಡಬ್ಬಿಯೊಳಗೆ ಕೂರಿಸಿ ತೂಗುತ್ತಿದ್ದರೆ ಸಾಕು. ಕೊಬ್ಬಿನ ತೂಕ ನಿಧಾನವಾಗಿ ಏರುತ್ತದೆ, ಬಸಿರಿನ ತೂಕ ಕೊನೆಯ ವಾರದಲ್ಲಿ ದಿನದಿನಕ್ಕೂ ಏರುತ್ತದೆ.

ಉಬ್ಬಿದ ಹೊಟ್ಟೆಯೆಲ್ಲ ಬಸಿರಲ್ಲ. ಸೂರ್ಯಕಾಂತಿ ಬೀಜವನ್ನೇ ತಿಂದು ಕೊಬ್ಬಿದ ಹೆಣ್ಣು, ಗಡ್ಡೆ, ಹೊಟ್ಟೆಯಲ್ಲಿ ತುಂಬಿದ ನೀರು, ಗರ್ಭಕೋಶದಲ್ಲಿ ಕಟ್ಟಿಕೊಂಡ ಕೀವು, ಇವೆಲ್ಲ ಹಾಗೇ ಕಾಣುತ್ತವೆ. ಇಲ್ಲಿಯೂ ಸಿರಿಯನ್ ಪಾಠ ದಾರಿ ತಪ್ಪಿಸಬಹುದು. ಸಿರಿಯನ್ ಹೆಣ್ಣಿಗೆ ಬೆದೆ ಮುಗಿದ ಮರುದಿನ ದಪ್ಪನೆಯ, ನಾರುವ ಬಿಳಿ ಸ್ರಾವ ಬರುವುದು ಸಹಜ. ಅದನ್ನು ಕೇಳಿಕೊಂಡು ಡ್ವಾರ್ಫ್‌ನಲ್ಲಿ ಕಂಡ ಕೀವನ್ನೂ ‘ಮಾಮೂಲು’ ಎಂದು ಬಿಟ್ಟುಬಿಡುವುದು ಅಪಾಯ. 22–23 ದಿನ ಕಳೆದರೂ ಮರಿಯಿಲ್ಲ, ಹೊಟ್ಟೆ ಇಳಿದಿಲ್ಲ ಎಂದರೆ ಪಶುವೈದ್ಯರಿಗೆ ತೋರಿಸಬೇಕು.

ಬಸುರಿಗೆ ಮತ್ತು ಬಾಣಂತಿಗೆ ಸಸಾರಜನಕ ಹೆಚ್ಚು ಬೇಕು. ಎಂದಿನ ಕಾಳಿನ ಮಿಶ್ರಣದ ಜೊತೆ ಉಪ್ಪು ಎಣ್ಣೆ ಸೋಕದ ಬೇಯಿಸಿದ ಮೊಟ್ಟೆಯ ಚೂರು, ಸಪ್ಪೆ ಪನೀರ್, ಮೊಳಕೆ ಬರಿಸಿದ ಹೆಸರುಕಾಳು, ಬೇಯಿಸಿದ ಕೋಳಿ ಮಾಂಸದ ಎಳೆ, ಹೀಗೆ ಬೆರಳ ತುದಿಯಷ್ಟು ಕೊಡಬಹುದು. ಕೆಡುವುದನ್ನು ಕೆಲವೇ ಗಂಟೆಗಳಲ್ಲಿ ತೆಗೆಯಬೇಕು. ಬೆಲ್ಲ, ಬಾಳೆಹಣ್ಣು, ಜೇನು ಬೇಡ, ಈ ಕುಲಕ್ಕೆ ಸಕ್ಕರೆ ಕಾಯಿಲೆ ಸುಲಭವಾಗಿ ತಗಲುತ್ತದೆ. ಗೂಡಿಗೆ ಹತ್ತಿ ಹಾಕುವ ರೂಢಿಯನ್ನು ನಾನು ಪೂರ್ತಿ ವಿರೋಧಿಸುತ್ತೇನೆ. ಅದರ ಎಳೆ ಮರಿಯ ಕಾಲಿಗೆ ಸುತ್ತಿಕೊಂಡು ರಕ್ತ ನಿಲ್ಲಿಸುತ್ತದೆ. ಬಣ್ಣ, ಸುಗಂಧವಿಲ್ಲದ ಟಿಶ್ಯೂ ಕಾಗದ ಹರಿದು ಹಾಕಿದರೆ ತಾಯಿಯೇ ಮೆತ್ತಗೆ ಮಾಡಿಕೊಳ್ಳುತ್ತದೆ. ಬೇಸಿಗೆಯ ಕಾವೂ ದೊಡ್ಡ ವೈರಿ. ಇವು ಚಳಿನಾಡಿನ ಜೀವಿಗಳು, ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ತಂಪಾದ ಕೋಣೆಯಿಲ್ಲದೆ ಬಸುರಿಯನ್ನು ಉಳಿಸಿಕೊಳ್ಳುವುದು ಕಷ್ಟ. ನೆಲದ ಮೇಲಿನ ನೆರಳಿನ ಜಾಗ, ಗೂಡಿನೊಳಗೊಂದು ಟೈಲ್ಸ್ ತುಂಡು, ಹೊರಗೋಡೆಗೆ ಒರಗಿಸಿದ ತಣ್ಣೀರಿನ ಬಾಟಲಿ, ಕನಿಷ್ಠ ಇಷ್ಟಾದರೂ ಇರಬೇಕು.

ಈಗ ಎಲ್ಲಕ್ಕಿಂತ ಹೆಚ್ಚು ವಾದ ನಡೆಯುವ ಪ್ರಶ್ನೆ. ಹೆರಿಗೆಯ ಹೊತ್ತಿಗೆ ಗಂಡು ಇರಬೇಕೆ, ಬೇಡವೆ?

ಕೆನಡಾದ ಕಿಂಗ್‌ಸ್ಟನ್‌ನಲ್ಲಿರುವ ಕ್ವೀನ್ಸ್ ವಿಶ್ವವಿದ್ಯಾಲಯದ ಕ್ಯಾಥರಿನ್ ವಿನ್-ಎಡ್ವರ್ಡ್ಸ್ ವರ್ಷಗಟ್ಟಲೆ ಕ್ಯಾಂಪ್‌ಬೆಲ್ ಮತ್ತು ವಿಂಟರ್ ವೈಟ್‌ಗಳನ್ನು ಅಕ್ಕಪಕ್ಕ ಇಟ್ಟು ಅಧ್ಯಯನ ಮಾಡಿದರು. 2000ನೇ ಇಸವಿಯಲ್ಲಿ ಅವರೂ ಜೆನ್ನಿಫರ್ ಜೋನ್ಸ್ ಅವರೂ ಪ್ರಕಟಿಸಿದ ವರದಿ ಓದಿದವರನ್ನು ಅಚ್ಚರಿಗೊಳಿಸಿತು. ಕ್ಯಾಂಪ್‌ಬೆಲ್ ಗಂಡು ಹೆರಿಗೆಯಲ್ಲಿ ಸೂಲಗಿತ್ತಿಯಾಗುತ್ತದೆ. ಮರಿ ಹೊರಬರುವಾಗ ಹಿಡಿದು ಎಳೆಯುತ್ತದೆ, ಮೂಗಿನ ಮೇಲಿನ ಪೊರೆ ನೆಕ್ಕಿ ಉಸಿರಿಗೆ ದಾರಿ ಮಾಡುತ್ತದೆ, ಮಾಸನ್ನು ತಾಯಿಯ ಜೊತೆ ಹಂಚಿಕೊಂಡು ತಿನ್ನುತ್ತದೆ, ಆಮೇಲೆ ಮರಿಗಳನ್ನು ಗೂಡಿನಲ್ಲಿ ಬೆಚ್ಚಗಿಡುತ್ತದೆ. ಹೆರಿಗೆಯ ಹೊತ್ತಿಗೆ ಅದರ ರಕ್ತದ ಹಾರ್ಮೋನುಗಳೂ ಬದಲಾಗಿರುತ್ತವೆ. ಸೋದರ ಜಾತಿಯಾದ ವಿಂಟರ್ ವೈಟ್ ಗಂಡು ಹೀಗೆ ಮಾಡುವುದಿಲ್ಲ. ಗಂಡನ್ನು ತೆಗೆದು ನೋಡಿದಾಗ, ಚಳಿಯಲ್ಲಿ ಕ್ಯಾಂಪ್‌ಬೆಲ್ ಮರಿಗಳು ಹೆಚ್ಚು ಸತ್ತವು, ವಿಂಟರ್ ವೈಟ್ ಮರಿಗಳಿಗೆ ಅಷ್ಟು ತೊಂದರೆಯಾಗಲಿಲ್ಲ. ಹಾಲೂಡುವ ತಾಯಿಯ ಮೈ ವಿಪರೀತ ಬಿಸಿಯಾಗುತ್ತದೆ, ಅದು ಆಗಾಗ ಗೂಡು ಬಿಟ್ಟು ಹೊರಬಂದು ತಣಿಯಬೇಕು. ಆಗ ಮರಿ ತಣ್ಣಗಾಗದಂತೆ ಕೂರುವುದು ಗಂಡು. ಮಂಗೋಲಿಯಾದ ಒಣ, ಕೊರೆಯುವ ನೆಲದಲ್ಲಿ ಈ ಪಾಳಿಯಿಲ್ಲದೆ ಸಂಸಾರ ನಡೆಯದು.

ಹಾಗಾದರೆ ಗಂಡನ್ನು ಇಟ್ಟುಬಿಡೋಣವೇ? ಇಲ್ಲೊಂದು ಮುಳ್ಳಿದೆ. ಡ್ವಾರ್ಫ್ ಹೆಣ್ಣು ಮರಿ ಹಾಕಿದ ದಿನವೇ ಮತ್ತೆ ಬೆದೆಗೆ ಬರುತ್ತದೆ. ಗಂಡು ಜೊತೆಯಲ್ಲಿದ್ದರೆ ಆ ರಾತ್ರಿಯೇ ಮುಂದಿನ ಬಸಿರು ಶುರು. ಮೊದಲ ಸೂಲಿನ ಮರಿಗಳು ಹಾಲು ಬಿಡುವ ಹೊತ್ತಿಗೆ ಎರಡನೆಯ ಸೂಲು ಗೂಡಿನಲ್ಲಿರುತ್ತದೆ. ಕಾಡಿನಲ್ಲಿ ಕಿರಿದಾದ ಬೇಸಿಗೆಯನ್ನು ಪೂರ್ತಿ ಬಳಸಿಕೊಳ್ಳುವ ಉಪಾಯ ಇದು. ಬೇಸಿಗೆ ಮುಗಿಯದ ಮನೆಯಲ್ಲಿ ತಾಯಿಯ ಮೈ ಸವೆಯುತ್ತದೆ. 30–40 ಗ್ರಾಮಿನ ಜೀವ ಐದಾರು ಮರಿಗೆ ಹಾಲೂಡುತ್ತಲೇ ಇನ್ನೈದಾರನ್ನು ಹೊರುವುದನ್ನು ಮೂರು ನಾಲ್ಕು ಸಲ ಮಾಡಿದರೆ ತುಪ್ಪಳ ಉದುರಿ, ಬೆನ್ನು ಮೂಳೆ ಎದ್ದು ಕಾಣುತ್ತದೆ.

ನನ್ನ ತೀರ್ಮಾನ ಹೀಗಿದೆ. ನಮ್ಮ ಊರಿನ ಕೋಣೆಗಳಲ್ಲಿ ಮಂಗೋಲಿಯಾದ ಚಳಿಯಿಲ್ಲ, ಆದ್ದರಿಂದ ಗಂಡಿನ ಬೆಚ್ಚನೆಯ ಮೈ ಇಲ್ಲಿ ಜೀವ ಉಳಿಸುವ ಅಗತ್ಯವಲ್ಲ. ಬಸಿರು ಬಯಸದೇ ಬಂದಿದ್ದರೆ, ಹೆರಿಗೆಗೆ ಕೆಲವು ದಿನ ಇರುವಾಗಲೇ ಗಂಡನ್ನು ಬೇರೆ ಮಾಡುವುದು ಮೇಲು. ಮರಿ ಹುಟ್ಟಿದ ಮೇಲೆಯೇ ಗೊತ್ತಾಯಿತೆಂದರೆ ಮುಂದಿನ ಬಸಿರು ಆಗಲೇ ನಿಂತಿರಬಹುದು. ಆಗ ಅವಸರದಿಂದ ಗೂಡಿಗೆ ಕೈಹಾಕುವುದಕ್ಕಿಂತ, ಗಂಡು ಗೂಡಿನಿಂದ ಹೊರಬಂದ ಹೊತ್ತು ನೋಡಿ ಸದ್ದಿಲ್ಲದೆ ಎತ್ತಿಕೊಳ್ಳಬೇಕು, 18 ದಿನದ ನಂತರದ ಸೂಲಿಗೆ ತಯಾರಾಗಿರಬೇಕು. ಜಾತಿ ಕ್ಯಾಂಪ್‌ಬೆಲ್ ಎಂದು ಖಚಿತವಿದ್ದು, ತಾಯಿ ಮೊದಲ ಸಲದ್ದಾಗಿದ್ದು, ಜೋಡಿ ಸಾಮರಸ್ಯದಿಂದಿದ್ದರೆ ಮಾತ್ರ ಒಂದು ಸೂಲಿಗೆ ಗಂಡನ್ನು ಉಳಿಸಿಕೊಳ್ಳುವುದಕ್ಕೆ ಅರ್ಥವಿದೆ. ಹಾಗೆ ಮಾಡುವವರು ಎರಡನೆಯ ಸೂಲಿನ ಮರಿಗಳಿಗೂ ಮನೆ ಹುಡುಕಿಟ್ಟಿರಬೇಕು. ಬೇರೆ ಮಾಡಿದ ಗಂಡನ್ನು ಮತ್ತೆ ಹೆಣ್ಣಿನ ಬಳಿ ಬಿಡುವ ಯೋಚನೆ ಬೇಡ, ಮರುಭೇಟಿಯಲ್ಲಿ ರಕ್ತ ಬರುವಂತೆ ಕಾದಾಡುವುದು ಉಂಟು. ಚೀನಾದ ಹ್ಯಾಮ್‌ಸ್ಟರ್‌ನಲ್ಲಿ ಈ ಪ್ರಶ್ನೆಯೇ ಏಳದು, ಅಲ್ಲಿ ಬಸುರಿಯಿಂದ ಗಂಡನ್ನು ಕಾಪಾಡಬೇಕಾಗುತ್ತದೆ.

ಹೊಸ ಗಂಡನ್ನು ತಂದು ಬಿಡುವುದಂತೂ ತಪ್ಪೇ ತಪ್ಪು. ಅಪರಿಚಿತ ಗಂಡಿನ ವಾಸನೆಗೇ ಹೆಣ್ಣಿಲಿಯ ಎಳೆ ಬಸಿರು ನಿಂತುಹೋಗುತ್ತದೆ ಎಂದು ಹಿಲ್ಡಾ ಬ್ರೂಸ್ 1959ರಲ್ಲಿ ತೋರಿಸಿದ್ದರು. ವಿನ್-ಎಡ್ವರ್ಡ್ಸ್ ಅವರ ಕೆಲಸದಿಂದ ಡ್ವಾರ್ಫ್‌ಗಳಲ್ಲೂ ಹೆಚ್ಚು ಗಂಡುಗಳ ನಡುವೆ ಹೆಣ್ಣು ಗಬ್ಬ ಕಟ್ಟದಿರುವುದು ತಿಳಿದುಬಂತು.

ಮರಿ ತಿನ್ನುವ ತಾಯಿಯ ವಿಷಯ ಎಲ್ಲರನ್ನೂ ಹೆದರಿಸುತ್ತದೆ. ಅದನ್ನು ಕಂಡ ಮಕ್ಕಳು ಅಳುತ್ತಾರೆ, ದೊಡ್ಡವರು ಆ ಪ್ರಾಣಿಯನ್ನೇ ದ್ವೇಷಿಸತೊಡಗುತ್ತಾರೆ. ಆದರೆ ಇದು ಹುಚ್ಚಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಡೇ ಮತ್ತು ಗ್ಯಾಲೆಫ್ 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿರಿಯನ್ ತಾಯಂದಿರಿಂದ ಕೆಲವು ಮರಿ ತೆಗೆದರೆ ಅವು ತಿನ್ನುವುದು ಕಡಿಮೆಯಾಯಿತು, ಹೊರಗಿನ ಮರಿ ಸೇರಿಸಿದರೆ ಹೆಚ್ಚಾಯಿತು. ತಾಯಿ ತನ್ನಿಂದ ಸಾಕಲಾಗುವ ಸಂಖ್ಯೆಗೆ ಸೂಲನ್ನು ಇಳಿಸಿಕೊಳ್ಳುತ್ತಿತ್ತು. ಇನ್ನೊಂದು ಸಂಶೋಧನೆ ಫ್ರಾನ್ಸಿನ ಅಲ್ಸಾಸ್ ಪ್ರಾಂತದ್ದು. ಅಳಿವಿನಂಚಿನಲ್ಲಿರುವ ಯುರೋಪಿನ ಕಾಡು ಹ್ಯಾಮ್‌ಸ್ಟರ್ ಅಲ್ಲಿ ಮೆಕ್ಕೆಜೋಳದ ಹೊಲಗಳ ನಡುವೆ ಸಿಕ್ಕಿಕೊಂಡಿದೆ. ಮಟಿಲ್ಡ್ ಟಿಸಿಯೆ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದಂತೆ, ಮೆಕ್ಕೆಜೋಳವೇ ಮುಖ್ಯ ಆಹಾರವಾದ ತಾಯಂದಿರು ಹೆತ್ತ ಮರಿಗಳನ್ನು ಜೋಳದ ರಾಶಿಯ ಜೊತೆ ಇಟ್ಟು ತಿಂದುಬಿಟ್ಟವು. ಕಾರಣ ನಯಾಸಿನ್ ಎಂಬ ಬಿ3 ಜೀವಸತ್ವದ ಕೊರತೆ. ಅದನ್ನು ಆಹಾರಕ್ಕೆ ಸೇರಿಸಿದಾಗ ತಾಯಂದಿರು ಮರಿ ಸಾಕಿದವು. ಮನೆಯ ಡ್ವಾರ್ಫ್‌ಗೆ ಇದನ್ನು ಹಾಗೇ ಒಪ್ಪಿಸಲಾಗದು, ಆದರೂ ಒಂದೇ ಧಾನ್ಯದ ಮೇಲೆ ಬಸುರಿಯನ್ನು ಸಾಕಬಾರದು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ನಾನು ಕಂಡಿಲ್ಲ. ಇವೆರಡರ ಜೊತೆಗೆ ಬಾಯಾರಿಕೆ, ಗದ್ದಲ, ಗೂಡು ಕೆದಕುವ ಕೈ, ತೀರಾ ಎಳೆ ವಯಸ್ಸಿನ ಚೊಚ್ಚಲು ತಾಯಿ ಇವೂ ಕಾರಣಗಳೇ. ಸತ್ತು ಹುಟ್ಟಿದ ಮರಿಯನ್ನು ತಾಯಿ ತಿಂದು ಗೂಡು ಶುಚಿಯಾಗಿಡುವುದೂ ಉಂಟು, ಅದನ್ನು ಕೊಲೆ ಎನ್ನಲಾಗದು.

ಆದ್ದರಿಂದ ಮೊದಲ ಹತ್ತು ಹನ್ನೆರಡು ದಿನ ಗೂಡು ತೊಳೆಯಬಾರದು, ಮರಿ ಎಣಿಸಬಾರದು, ಫೋಟೊಗಾಗಿ ಗೂಡಿನ ಮುಚ್ಚಿಗೆ ಎತ್ತಬಾರದು. ನೀರು ಆಹಾರ ಇಟ್ಟು ಬಂದುಬಿಡಬೇಕು. ಹುಟ್ಟಿದಾಗ ಮರಿ ಸುಮಾರು ಎರಡು ಗ್ರಾಂ ತೂಗುತ್ತದೆ, ಕಣ್ಣು ಕಿವಿ ಮುಚ್ಚಿರುತ್ತವೆ, ಮೈಮೇಲೆ ಕೂದಲಿಲ್ಲ. ಮೂರು ನಾಲ್ಕನೆಯ ದಿನಕ್ಕೆ ಬೆನ್ನಿನ ಚರ್ಮ ಕಪ್ಪಾಗುತ್ತದೆ, ವಾರದ ಹೊತ್ತಿಗೆ ತುಪ್ಪಳದ ಛಾಯೆ ಬರುತ್ತದೆ. ಕಣ್ಣು ತೆರೆಯುವ ಮೊದಲೇ ತೆವಳಿ ಬಂದು ಕಾಳು ಕಡಿಯತೊಡಗುತ್ತವೆ. ಎರಡು ವಾರಕ್ಕೆ ಕಣ್ಣು ಬಿಡುತ್ತವೆ. ನೀರಿನ ಬಾಟಲಿಯ ನಳಿಗೆಯನ್ನು ಆಗ ಅವುಗಳ ಎತ್ತರಕ್ಕೆ ಇಳಿಸಬೇಕು, ಇದನ್ನು ಮರೆತು ಚೆನ್ನಾಗಿದ್ದ ಮರಿಗಳನ್ನು ಕಳೆದುಕೊಂಡವರಿದ್ದಾರೆ. ಮೂರು ವಾರಕ್ಕೆ ಹಾಲು ಬಿಡುತ್ತವೆ.

ಇಲ್ಲಿಂದ ಮುಂದೆ ದಿನಗಳು ಲೆಕ್ಕಕ್ಕೆ ಬರುತ್ತವೆ. ಹೆಣ್ಣು ಮರಿ ನಾಲ್ಕೈದು ವಾರಕ್ಕೇ ಗಬ್ಬವಾಗಬಲ್ಲದು, ತಮ್ಮನಿಂದ, ತಂದೆಯಿಂದ. ಹಾಗಾಗಿ 21ರಿಂದ 25ನೇ ದಿನದೊಳಗೆ ಗಂಡು ಹೆಣ್ಣುಗಳನ್ನು ಬೇರ್ಪಡಿಸಲೇಬೇಕು, ಐದನೆಯ ವಾರದಲ್ಲಿ ಗುರುತನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ಒಂದು ಜೋಡಿಯನ್ನು ಹಾಗೇ ಬಿಟ್ಟರೆ ಎರಡು ತಿಂಗಳಲ್ಲಿ ಮೂರು ಸೂಲು ಆಗುತ್ತದೆ. ಸೂಲಿಗೆ ಐದೆಂದರೂ ಹದಿನೈದು ಮರಿ, ಅಷ್ಟರಲ್ಲಿ ಮೊದಲ ಸೂಲಿನ ಹೆಣ್ಣುಗಳೂ ಬಸುರಿ.

ಬೇಕೆಂದೇ ಮರಿ ಮಾಡಿಸಲು ಹೊರಟವರಿಗೆ ಹೇಳಬೇಕಾದ ಕಠಿಣ ಮಾತೊಂದಿದೆ. ಅಂಗಡಿಯಲ್ಲಿ ಸಿಗುವ ಡ್ವಾರ್ಫ್‌ಗಳಲ್ಲಿ ಕ್ಯಾಂಪ್‌ಬೆಲ್ ಮತ್ತು ವಿಂಟರ್ ವೈಟ್ ಬೆರಕೆ ತೀರಾ ಸಾಮಾನ್ಯ. ಮೊಂಟಾನಾ ವಿಶ್ವವಿದ್ಯಾಲಯದ ಬ್ರೆಕ್ ಮತ್ತು ಗುಡ್ 2014ರಲ್ಲಿ ವಿವರಿಸಿದಂತೆ, ಈ ಎರಡು ಜಾತಿಗಳನ್ನು ಒಂದು ದಿಕ್ಕಿನಲ್ಲಿ ಕೂಡಿಸಿದರೆ ಗರ್ಭದ ಮರಿಯೂ ಮಾಸೂ ವಿಪರೀತ ಬೆಳೆದು ತಾಯಿಯೇ ಸಾಯಬಹುದು. ಇನ್ನೊಂದು ದಿಕ್ಕಿನಲ್ಲಿ ಮರಿ ಬದುಕುತ್ತದೆ. ನಿಮ್ಮ ಕೈಯಲ್ಲಿರುವ ತಾಯಿ ತಂದೆ ಯಾವ ಜಾತಿ ಎಂದು ತಿಳಿಯದೆ ಆ ಪಣಕ್ಕೆ ಒಂದು ಜೀವವನ್ನು ಒಡ್ಡುವುದು ಅನ್ಯಾಯ. ಬಣ್ಣದ ಮೋಹಕ್ಕೂ ಬೆಲೆಯಿದೆ. ಬಿಳಿ ಮಚ್ಚೆಯ ಎರಡು ಕ್ಯಾಂಪ್‌ಬೆಲ್‌ಗಳನ್ನು ಕೂಡಿಸಿದರೆ ಕೆಲವು ಮರಿಗಳು ಕಣ್ಣೂ ಹಲ್ಲೂ ಇಲ್ಲದೆ ಹುಟ್ಟುವ ವಂಶವಾಹಿಯೊಂದು ಇದೆ. ಹಾಲು ಬಿಡುವ ಹೊತ್ತಿಗೆ ಆ ಮರಿಗಳು ತಿನ್ನಲಾಗದೆ ಸಾಯುತ್ತವೆ. ಹಿನ್ನೆಲೆ ಗೊತ್ತಿಲ್ಲದ ಪ್ರಾಣಿಗಳಿಂದ ಮರಿ ಮಾಡಿಸಬಾರದು ಎಂಬುದೇ ನನ್ನ ನಿಲುವು. ಹಿನ್ನೆಲೆ ಗೊತ್ತಿದ್ದರೂ ಹೆಣ್ಣಿಗೆ ಮೂರು ನಾಲ್ಕು ತಿಂಗಳಾಗುವ ಮೊದಲು ಬೇಡ, ವಯಸ್ಸು ವರ್ಷ ದಾಟಿದ ಮೇಲೂ ಬೇಡ. ಇವುಗಳ ಆಯುಷ್ಯವೇ ಒಂದೂವರೆ ಎರಡು ವರ್ಷ.

ಕೇಂದ್ರ ಸರ್ಕಾರದ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ಹ್ಯಾಮ್‌ಸ್ಟರನ್ನೂ ಹೆಸರಿಸಿ ಸಾಕುಪ್ರಾಣಿಯ ವ್ಯಾಖ್ಯೆಯೊಳಗೆ ತಂದಿವೆ, ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಕೊಳ್ಳುವಾಗ ನೋಂದಣಿ ಪತ್ರ ತೋರಿಸಿ ಎಂದು ಕೇಳುವುದಕ್ಕೆ ಹಿಂಜರಿಯಬೇಕಿಲ್ಲ. ಗಂಡು ಹೆಣ್ಣುಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿಟ್ಟ ಅಂಗಡಿಯಿಂದ ಕೊಳ್ಳದಿರುವುದೂ ನಮ್ಮ ಕೈಯಲ್ಲಿದೆ.

ಹೆರಿಗೆ ಸಾಮಾನ್ಯವಾಗಿ ಒಂದೆರಡು ಗಂಟೆಗಳಲ್ಲಿ ಸದ್ದಿಲ್ಲದೆ ಮುಗಿಯುತ್ತದೆ. ತಾಯಿ ಮುಕ್ಕುತ್ತಲೇ ಗಂಟೆಗಳು ಕಳೆದರೂ ಮರಿ ಬಾರದಿದ್ದರೆ, ಮರಿ ಅರ್ಧಕ್ಕೆ ಸಿಕ್ಕಿಕೊಂಡಿದ್ದರೆ, ರಕ್ತ ನಿಲ್ಲದಿದ್ದರೆ, ಹೆತ್ತ ಮೇಲೆ ಮೈ ತಣ್ಣಗಾಗಿ ಮುದುಡಿ ಕುಳಿತರೆ ಮನೆಮದ್ದಿಗೆ ಸಮಯವಿಲ್ಲ. ಎಲ್ಲ ಪಶುವೈದ್ಯರೂ ಇಷ್ಟು ಸಣ್ಣ ಪ್ರಾಣಿಯನ್ನು ನೋಡುವುದಿಲ್ಲ, ಆದ್ದರಿಂದ ನೋಡುವವರ ಫೋನ್ ನಂಬರನ್ನು ಪ್ರಾಣಿ ಮನೆಗೆ ಬಂದ ವಾರವೇ ಹುಡುಕಿ ಬರೆದಿಟ್ಟುಕೊಳ್ಳಬೇಕು. ಮರಿಗಳನ್ನು ಇನ್ನೊಂದು ಮನೆಗೆ ಕೊಡುವಾಗ ಹುಟ್ಟಿದ ತಾರೀಖು, ತಾಯಿ ತಂದೆಯ ಬಗ್ಗೆ ಗೊತ್ತಿರುವಷ್ಟು, ಗಂಡೋ ಹೆಣ್ಣೋ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ, ಮುಂದೆ ಅವಕ್ಕೆ ಸಕ್ಕರೆ ಕಾಯಿಲೆ ಕಂಡರೆ ನಿಮಗೆ ತಿಳಿಸುವಂತೆ ಕೇಳಿಕೊಳ್ಳಿ. ಅಂಥ ಸುದ್ದಿ ಬಂದರೆ ಅದೇ ಸೂಲಿನ ಮರಿ ಒಯ್ದ ಉಳಿದ ಮನೆಗಳಿಗೂ ತಿಳಿಸಿ, ಆ ಮರಿಗಳಿಂದ ಸಂತಾನ ಮಾಡಿಸಬೇಡಿ ಎಂದು ಹೇಳಬೇಕು.